ಹೆಗ್ಗಣ ಮೇಷ್ಟ್ರ ಕೋಸಂಬರಿ

ನಾಗರಪಂಚಮಿಯ ದಿನ, ಅಜ್ಜಿ ವಿಷದ ವಾಸನೆ ಹಿಡಿಯುವ ಪಾಠ ತೆಗೆದ ಕೂಡಲೇ, ಹೆಗ್ಗಣ ಬೇಸತ್ತು ಮೊದಲ ಸಲ ಬಿಲ ಬಿಟ್ಟು ನಡೆದಿದ್ದ. ಊರೂರು ಅಲೆದು, ಕೊನೆಗೊಂದು ಅಕ್ಕಿ ಗಿರಣಿಯಲ್ಲಿ ಇಲಿಮರಿಗಳಿಗೆ ಮೇಷ್ಟ್ರಾದ. ಹೆಸರುಕಾಳು ನೆನೆಸಿ, ಮೊಳಕೆ ಬರಿಸಿ, ಕೋಸಂಬರಿ ಕಲಸುವುದನ್ನು ಕಲಿಸಿದ.

“ಕುರುಕಲು ಮುಟ್ಟಬೇಡಿ. ಕೈಯಾರೆ ಕಲಸಿದ್ದು ಎಂದೂ ಕೆಡುಕು ಮಾಡದು,” ಎಂದ.

ಮರುದಿನ ಚಿಗುರಿ ಎಂಬ ಇಲಿಮರಿ ಎಲೆ ತುಂಬ ಕೋಸಂಬರಿ ತಂದಳು. ನಡುನಡುವೆ ಗುಲಾಬಿ ಬಣ್ಣದ ಚೂರುಗಳಿದ್ದವು.

“ಇದೇನೇ ಮಗಳೇ?”

“ಮೂಲೆಯಲ್ಲಿ ಯಾರೋ ಇಟ್ಟಿದ್ದ ಬಿಲ್ಲೆ, ಮೇಷ್ಟ್ರೇ. ನಾನೇ ಪುಡಿ ಮಾಡಿ ಕಲಸಿದೆ. ನಾವೆಲ್ಲ ತಿಂದೆವು, ಇದು ನಿಮ್ಮ ಪಾಲು.”

ಹೆಗ್ಗಣ ಮೂಸಿದ. ಅವನ ಮೂಗಿಗೆ ಏನೂ ತಿಳಿಯಲಿಲ್ಲ. ತುತ್ತು ಎತ್ತುವಷ್ಟರಲ್ಲಿ ಚಿಗುರಿ ನಡುಗಿ ಬಿದ್ದಳು.

ಸಂಜೆ, ಸತ್ತ ಮರಿಗಳ ಪಕ್ಕ ಕೂತ ಚಿಗುರಿಯ ತಾಯಿ ಕೇಳಿದಳು: “ವಿಷದ ವಾಸನೆ ಕಲಿಸಲಿಲ್ಲವೇ, ಮೇಷ್ಟ್ರೇ?”

“ಆ ಪಾಠ ಮುಗಿಯುವ ಮೊದಲೇ ಬಿಲ ಬಿಟ್ಟೆನಮ್ಮ,” ಎನ್ನುತ್ತ ಹೆಗ್ಗಣ ಗಂಟು ಕಟ್ಟಿದ. “ಮುಂದಿನ ಗಿರಣಿಯಲ್ಲೂ ಮರಿಗಳಿವೆಯಂತೆ.”