ಮರಿಗಳನ್ನು ಕಾದ ನರಿ

ಒಂದು ಕಾಡಿನಲ್ಲಿ ಮೊಲಗಳು ತಮ್ಮದೇ ಒಂದು ಕಾಲೇಜು ನಡೆಸುತ್ತಿದ್ದವು. ಕಾಲಿಗೆ ಬುದ್ಧಿ ಹೇಳುವುದೇ ಅಲ್ಲಿ ಮುಖ್ಯ ಪಾಠ. ಜೊತೆಗೆ ಬಿಲ ತೋಡುವುದು, ವಾಸನೆ ಹಿಡಿಯುವುದು. ಆದರೆ ಯಾರು ಏನೇ ಕಲಿಯಲಿ, ಸಂಜೆ ಎಲ್ಲರೂ ಮುಳ್ಳಜ್ಜಿಯ ಮುಂದೆ ಕೂರಲೇಬೇಕು. ಮುಳ್ಳಜ್ಜಿ ಎಂದರೆ ಮುದಿ ಮುಳ್ಳುಹಂದಿ. ಅವಳು ಕಥೆ ಹೇಳುತ್ತಿದ್ದಳು, ಹಾಡು ಕಲಿಸುತ್ತಿದ್ದಳು, ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದಳು.

ತುಂಬೆ ಎಂಬ ಮೊಲ ಓಟದಲ್ಲಿ ಎಲ್ಲರಿಗಿಂತ ಮುಂದು. ಅಜ್ಜಿಯ ಪಾಠವೆಂದರೆ ಮಾತ್ರ ಅವಳಿಗೆ ಆಕಳಿಕೆ. "ಇದರಿಂದ ನನ್ನ ಓಟ ಒಂದು ಗೇಣಾದ್ರೂ ಹೆಚ್ಚುತ್ತಾ?" ಎಂದು ಗೊಣಗುತ್ತಲೇ ಕೂರುತ್ತಿದ್ದಳು, ಪಾಪ. ಕಿವಿ ಉದ್ದವಿದ್ದುದರಿಂದ ಪಾಠ ತಾನಾಗಿ ಒಳಗೆ ಹೋಗುತ್ತಿತ್ತು.

ಒಂದು ದಿನ ನರಿ ಬಂದು ಪ್ರಿನ್ಸಿಪಾಲರಾದ ದೊಡ್ಡಕಿವಿಯಪ್ಪನಿಗೆ ಬೆಣ್ಣೆ ಹಚ್ಚಿತು. "ಸ್ವಾಮಿ, ಓಡೋ ಮಕ್ಕಳಿಗೆ ಕಥೆ ಯಾತಕ್ಕೆ? ಆ ಹೊತ್ತಲ್ಲೂ ಓಡಿಸಿ. ಹುಲಿ ಬಂದ್ರೂ ಹಿಡಿಯೋಕಾಗಲ್ಲ."

ಪ್ರಿನ್ಸಿಪಾಲರು ಉಬ್ಬಿಹೋದರು. ಮರುದಿನವೇ ಅಜ್ಜಿಯ ಪಾಠ ನಿಂತಿತು. ಅಜ್ಜಿ ತನ್ನ ಬಿಲಕ್ಕೆ ಹೊರಟುಹೋದಳು. ಅವಳು ಹೋಗುವುದನ್ನು ನೋಡಿ ತುಂಬೆಗೆ ಯಾಕೋ ಸಂಕಟವಾಯಿತು.

ಆ ಕಾಡಿಗೆ ಒಂದು ಕಟ್ಟಳೆಯಿತ್ತು. ಆಲದ ಮರದಡಿ, ಆನೆಯ ಮುಂದೆ ಕೊಟ್ಟ ಮಾತನ್ನು ಯಾರೂ ಮುರಿಯುವಂತಿಲ್ಲ. ಮುರಿದವರನ್ನು ಆನೆ ಕಾಡಿನಿಂದಲೇ ಅಟ್ಟುತ್ತಿತ್ತು.

ಬೇಸಿಗೆ ಬಂತು, ಹುಲ್ಲು ಒಣಗಿತು. ದೊಡ್ಡ ಮೊಲಗಳು ಮೇವಿಗೆ ಗುಡ್ಡದಾಚೆ ಹೋಗಲೇಬೇಕು. ಬಿಲದಲ್ಲಿ ಕೂಡಿಟ್ಟ ಮೇವು ಮರಿಗಳಿಗಷ್ಟೇ ಸಾಕು, ಅವಕ್ಕೆ ಅಷ್ಟು ದೂರ ನಡೆಯಲೂ ಆಗದು. ಆಗ ನರಿ ಆಲದಡಿ, ಆನೆಯ ಮುಂದೆ ನಿಂತು ಹೇಳಿತು: "ನೀವು ನಿಶ್ಚಿಂತೆಯಿಂದ ಹೋಗಿ. ನಾನು ಬಿಲದ ಬಾಗಿಲಲ್ಲಿ ಕೂತು ನಿಮ್ಮ ಮರಿಗಳಿಗೆ ಕಾಯ್ತೀನಿ."

ಮೊಲಗಳೆಲ್ಲ ಹಿಗ್ಗಿ ಚಪ್ಪಾಳೆ ತಟ್ಟಿದವು. ತುಂಬೆಯ ಪುಟ್ಟ ತಮ್ಮಂದಿರೂ ಆ ಬಿಲದಲ್ಲೇ ಇದ್ದರು. ಅವಳ ಕಿವಿ ಮಾತ್ರ ನೆಟ್ಟಗಾಯಿತು.

"ನರಿಮಾಮಾ, ಒಂದ್ನಿಮಿಷ. ಊಟಕ್ಕೆ ಕಾಯೋದು ಬೇರೆ, ಮನೆಯನ್ನ ಕಾಯೋದು ಬೇರೆ ಅಂತ ಅಜ್ಜಿ ಹೇಳಿಕೊಟ್ಟಿದ್ರು. ನೀವು ಮರಿಗಳಿಗೆ ಕಾಯ್ತೀರೋ, ಮರಿಗಳನ್ನ ಕಾಯ್ತೀರೋ?"

ನರಿಯ ಮುಖ ಹುಳ್ಳಗಾಯಿತು. "ಎರಡೂ ಒಂದೇ ಅಲ್ವೇನಮ್ಮಾ?"

"ಒಂದೇ ಆದ್ರೆ ಎರಡನೇದನ್ನೇ ಹೇಳಿಬಿಡಿ ಮಾಮಾ."

ಆನೆ ಸೊಂಡಿಲೆತ್ತಿ, "ಹೂಂ, ಹೇಳು" ಎಂದಿತು. ನರಿ ಉಗುಳು ನುಂಗಿಕೊಂಡು, "ಮರಿಗಳನ್ನ... ಕಾಯ್ತೀನಿ" ಎಂದಿತು.

ಮಾತು ಕೊಟ್ಟಾಯಿತು, ಇನ್ನೇನು ಮಾಡುವುದು! ಮಳೆ ಬರುವ ತನಕ ನರಿ ಜೊಲ್ಲು ಸುರಿಸುತ್ತ ಬಿಲದ ಮುಂದೆ ಕೂತಿತು. ಆನೆ ಅಲ್ಲೇ ಹತ್ತಿರ ಮರದ ಸೊಪ್ಪು ಮೇಯುತ್ತ ಅದರ ಮೇಲೆ ಒಂದು ಕಣ್ಣಿಟ್ಟಿತ್ತು. ತೋಳ ಬಂದಾಗ ನರಿ ಅದರೊಂದಿಗೆ ಕಾದಾಡಿ ಅರ್ಧ ಬಾಲ ಕಳೆದುಕೊಂಡಿತು. ಮರಿಗಳು ಒಳಗಿನಿಂದ, "ನಮ್ಮ ನರಿಮಾಮ ಎಷ್ಟು ಒಳ್ಳೇವ್ನು!" ಎಂದು ಕೂಗಿದವು.

ಹಿಂತಿರುಗಿದ ಪ್ರಿನ್ಸಿಪಾಲರು ನೇರವಾಗಿ ಮುಳ್ಳಜ್ಜಿಯ ಬಿಲಕ್ಕೆ ಹೋಗಿ ತಲೆತಗ್ಗಿಸಿ ನಿಂತರು. ಜೊತೆಯಲ್ಲಿ ತುಂಬೆಯೂ ಇದ್ದಳು.

"ತಪ್ಪಾಯ್ತು ಅಜ್ಜಿ, ಪಾಠಕ್ಕೆ ಬನ್ನಿ" ಎಂದರು ಅವರು. "ಓಡೋದನ್ನ ನಾನು ಕಲಿಸಿದೆ. ಯಾರನ್ನ ಕಂಡು ಓಡಬೇಕು ಅನ್ನೋದನ್ನ ನೀವು ಕಲಿಸಿದ್ರಿ."

ನೀತಿ: ಹೊಟ್ಟೆಪಾಡಿನ ವಿದ್ಯೆಯ ಜೊತೆಗೆ ಕಥೆ, ಹಾಡು, ಭಾಷೆಯನ್ನೂ ಕಲಿಯಬೇಕು; ಮಾತಿನ ಹಿಂದಿನ ಮನಸ್ಸನ್ನು ಅರಿಯುವುದನ್ನು ಅವೇ ಕಲಿಸುತ್ತವೆ.