ಮೇಲಿನ ಒಂದು ರೂಪಾಯಿ

ನೇಕಾರರ ಸಂಘಕ್ಕೆ ಮಗ್ಗ ಕೊಳ್ಳಲು ಸರ್ಕಾರದ ಅನುದಾನ ಬಂತು. ಖರ್ಚು ಹತ್ತು ಲಕ್ಷ ದಾಟಿದರೆ ಆಡಿಟ್‌ನವರು ಬಂದು ನೋಡುತ್ತಾರೆ, ದಾಟದಿದ್ದರೆ ಇಲ್ಲ.

"ಒಂದು ಪೈಸೆ ಹೆಚ್ಚಿಗೆ ಬರೆದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ" ಎಂದು ಅಧ್ಯಕ್ಷ ಗವಿರಂಗಪ್ಪ ಗುಮಾಸ್ತೆ ಅಂಬುಜಮ್ಮನನ್ನು ಗದರಿಸಿದ.

ಅಂಬುಜಮ್ಮನಿಗೆ ಆಗಲೇ ಅನುಮಾನ. ಬಿಲ್ಲಿನಲ್ಲಿ ಹನ್ನೆರಡು ಮಗ್ಗ, ಶೆಡ್ಡಿನಲ್ಲಿ ಒಂಬತ್ತು. ಕೇಳಿದರೆ "ದಾರೀಲಿವೆ" ಎನ್ನುತ್ತಿದ್ದ. ಯಾವ ದಾರಿಯೋ, ಅವನ ಅಳಿಯನ ಮನೆಯ ದಾರಿಯೇ ಇರಬೇಕು.

ಮಗ್ಗದ ಪೂಜೆಯ ದಿನ ಊರೆಲ್ಲ ಸೇರಿತ್ತು. ಬಡಗಿಗೆ ಕೊನೆಯ ಚೆಕ್ಕು ಕೊಟ್ಟರೆ ಲೆಕ್ಕ ಸರಿಯಾಗಿ ಹತ್ತು ಲಕ್ಷಕ್ಕೆ ನಿಲ್ಲುತ್ತಿತ್ತು. ಗವಿರಂಗಪ್ಪ ಠೀವಿಯಿಂದ ಐವತ್ತು ಸಾವಿರ ಎಂದು ಬರೆಯತೊಡಗಿದ.

"ಅಯ್ಯೋ ಸಾರ್, ಶುಭಕಾರ್ಯಾನ ಸೊನ್ನೇಲಿ ಮುಗಿಸ್ತೀರಾ? ಮದುವೆ ಮುಯ್ಯಿಗೂ ಮೇಲೊಂದು ರೂಪಾಯಿ ಇಡ್ತೀವಲ್ಲ!" ಎಂದಳು ಅಂಬುಜಮ್ಮ, ಎಲ್ಲರಿಗೂ ಕೇಳುವಂತೆ.

ಮುದುಕಿಯರೆಲ್ಲ ಹೌದು ಹೌದು ಎಂದರು. ಅವನು ಜೇಬಿಗೆ ಕೈ ಹಾಕಿದ.

"ಸಂಘದ ಶುಭಕ್ಕೆ ಸಂಘದ ದುಡ್ಡೇ ಆಗ್ಬೇಕು ಸಾರ್."

ಅವನು ಗುಮಾನಿಯಿಂದ ಅವಳ ಮುಖ ನೋಡಿದ. ಆದರೆ ಊರಿನೆದುರು ಒಂದು ರೂಪಾಯಿಗೆ ಜಿಪುಣನಾಗುವುದು ಹೇಗೆ? ಬರೆದ.

ತಿಂಗಳೊಳಗೆ ಆಡಿಟ್‌ನವರ ಜೀಪು ಬಂತು.

"ಇವರನ್ನ ಕರೆಸಿದ್ದು ಯಾರು?" ಎಂದು ಗವಿರಂಗಪ್ಪ ಕೂಗಾಡಿದ.

"ಚೆಕ್ಕಿನ ಮೇಲೆ ತಮ್ಮದೇ ಅಕ್ಷರ ಸಾರ್."

ಅವನು ಬೆವರುತ್ತ ಒಂದು ರೂಪಾಯಿ ನಾಣ್ಯವನ್ನು ಅವಳ ಮೇಜಿನ ಮೇಲಿಟ್ಟ. "ತಗೋಳಮ್ಮ, ಇದನ್ನ ವಾಪಸ್ ಜಮಾ ಮಾಡ್ಬಿಡು!"

ಅಂಬುಜಮ್ಮ ಅದನ್ನು ಅವನತ್ತಲೇ ತಳ್ಳಿದಳು.

"ಇಟ್ಕೊಳ್ಳಿ ಸಾರ್. ಆ ಮೂರು ಮಗ್ಗ ವಾಪಸ್ ತರೋಕೆ ಲಾರಿ ಬಾಡಿಗೆ ಕೊಡ್ಬೇಕಲ್ಲ, ಅದರ ಮೇಲೆ ಒಂದು ರೂಪಾಯಿ ಇಡೋಕಾಗುತ್ತೆ."