ಬಣ್ಣ ಬಳಿದ ಕೋವಿ

ಚಿಣ್ಣಪ್ಪ ಕಾಡಾನೆಗಳಿಗೆ ಮದ್ದು ಮಾಡುವ ಡಾಕ್ಟರು. ಮದ್ದು ಕಲಿತದ್ದು ಕಾಲೇಜಿನಲ್ಲಿ, ಕಾಡಿನಲ್ಲಿ ಹೆಜ್ಜೆ ಇಡಲು ಕಲಿತದ್ದು ಸೋಲಿಗರ ಕೇತಜ್ಜನಿಂದ. ಅಕ್ಷರ ಅರಿಯದ ಆ ಮುದುಕನನ್ನು ಅವನು ಗುರು ಎಂದೇ ನಂಬಿದ್ದ. ಅಜ್ಜ ಅದಕ್ಕೆ ನಾಚುತ್ತಲೂ ಇರಲಿಲ್ಲ, ಬೀಗುತ್ತಲೂ ಇರಲಿಲ್ಲ.

ಆ ಬೇಸಿಗೆ ಒಂದು ಸಲಗದ ಕಾಲಿಗೆ ತಂತಿಯ ಉರುಳು ಬಿಗಿದಿತ್ತು. ತಂತಿ ಮಾಂಸಕ್ಕಿಳಿದು ಕಾಲು ಕೊಳೆಯುತ್ತಿತ್ತು. ಕೋವಿಯಿಂದ ಅರಿವಳಿಕೆಯ ಸೂಜಿ ಹಾರಿಸಿ ಮಲಗಿಸಿದರೆ ಮಾತ್ರ ಅದನ್ನು ಕತ್ತರಿಸಬಹುದು. ಚಿಣ್ಣಪ್ಪ ಅಜ್ಜನ ಜೊತೆ ಮೂರು ಸಲ ಹೋದ. ಮೂರು ಸಲವೂ ಅವನು ಕೋವಿ ಎತ್ತುವ ಮೊದಲೇ ಸಲಗ ಕುಂಟುತ್ತ ಮರೆಯಾಯಿತು. ಇನ್ನೊಂದು ವಾರ ಹೀಗೇ ಹೋದರೆ ಅದು ಉಳಿಯುವುದಿಲ್ಲ.

ಕಪ್ಪು ಕೋವಿ ಬಿಸಿಲಿಗೆ ಮಿಂಚುತ್ತದೆ, ಅದೇ ತನ್ನನ್ನು ಹಿಡಿದುಕೊಡುತ್ತಿದೆ ಎಂದುಕೊಂಡ.

ಕೋವಿಗೆ ಹೂವಿಟ್ಟು ಕೈಮುಗಿಯುವ ಕೊಡಗಿನ ಮನೆಯವನು. ಕೋವಿಯ ಕೆಲಸವೆಂದರೆ ಊಟ ತಿಂಡಿ ನೆನಪಿರುವುದಿಲ್ಲ. ಜಗಲಿಯಲ್ಲಿ ಹಳೇ ಪಂಚೆ ಹಾಸಿ, ನಳಿಗೆಯ ಬಾಯಿಗೂ ಗುರಿಯ ಗಾಜಿಗೂ ಕಾಗದ ಅಂಟಿಸಿದ. ಮರಳು ಕಾಗದದಿಂದ ಉಜ್ಜಿ ಮೊದಲು ಮಣ್ಣಿನ ಬಣ್ಣ ಕೊಟ್ಟ. ಒಣಗಿದ ಮೇಲೆ ನಿಜವಾದ ಬಿದಿರೆಲೆಗಳನ್ನು ಒತ್ತಿಟ್ಟು, ಅವುಗಳ ಮೇಲೆ ಒಣಹುಲ್ಲಿನ ಬಣ್ಣ ಸಿಂಪಡಿಸಿದ. ಎಲೆ ಎತ್ತಿದರೆ ಎಲೆಯ ರೂಪ ಕೋವಿಯ ಮೇಲೆ ಉಳಿದಿತ್ತು. ತನ್ನ ಕೈಚಳಕಕ್ಕೆ ತಾನೇ ಬೆರಗಾದ.

ಮರುದಿನ ಬೆಳಿಗ್ಗೆ ಗುರುವಿಗೆ ತೋರಿಸಿದ.

“ಚೆನ್ನಾಗದೆ ಕಣಪ್ಪ. ಯಾರ್ಗೆ ಕಾಣ್ಬಾರ್ದು ಅಂತ?”

“ಸಲಗಕ್ಕೆ.”

“ಓಹೋ,” ಎಂದು ಅಜ್ಜ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟ.

ಇಬ್ಬರೂ ಹೆಜ್ಜೆ ಗುರುತು ಹಿಡಿದು ಸೊಪ್ಪಿನ ಕಲ್ಲಿಗೆ ಬಂದರು. ಅದನ್ನು ದಾಟಿ ಒಳಗೆ ಹೋಗುವವರು ಕೈಯಲ್ಲಿ ಏನೇ ಇರಲಿ, ನೆಲಕ್ಕಿಡಬೇಕು. ಒಂದು ಹಿಡಿ ಸೊಪ್ಪು ಮುರಿದು ಕಲ್ಲಿಗೆ ಹಾಕಿ ಬರಿಗೈ ಜೋಡಿಸಬೇಕು. ಸೋಲಿಗರ ಪದ್ಧತಿ ಅದು. ಅಜ್ಜ ಕತ್ತಿ ಇಟ್ಟ, ಚಿಣ್ಣಪ್ಪ ಕೋವಿ ಇಟ್ಟ.

ಸೊಪ್ಪು ತರಲು ನಾಲ್ಕು ಹೆಜ್ಜೆ ಹೋಗಿ ಬಂದು, ಕೈಮುಗಿದು ತಿರುಗಿದರೆ ಕೋವಿ ಇಲ್ಲ!

ಎಲ್ಲಿ ನೋಡಿದರೂ ಬಿದಿರೆಲೆ, ಮಣ್ಣು, ಒಣಹುಲ್ಲು. ಮಂಡಿಯೂರಿ ತಡಕಿದ. ಬೆವರಿದ.

“ಅಜ್ಜ, ಇಲ್ಲೇ ಇಟ್ಟಿದ್ದೆ!”

“ಇಲ್ಲೇ ಇರ್ತದೆ. ಅದ್ಕೇನು ಕಾಲಿದ್ದಾವಾ? ಕೂತ್ಕೊ.”

“ಕೂರೋದಾ? ಅಲ್ಲಿ ಆನೆ ಸಾಯ್ತಾ ಇದೆ!”

“ಕೂತ್ಕೊ ಅಂದೆ.”

ಚಿಣ್ಣಪ್ಪ ಕೂತ. ತನ್ನ ಮೇಲೆ ತನಗೇ ಸಿಟ್ಟು. ಕಣ್ಣು ತುಂಬಿತು. ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎದುರಿನ ಬಿದಿರ ಮೆಳೆಯನ್ನು ಸುಮ್ಮನೆ ನೋಡಿದ.

ಮೆಳೆಯ ನೆರಳಿನಲ್ಲಿ ಒಂದು ಕಣ್ಣು ತೆರೆಯಿತು.

ಆಮೇಲೆ ಒಂದು ಕಿವಿ. ಆಮೇಲೆ ದಂತ. ಬಂಡೆ ಎಂದುಕೊಂಡಿದ್ದು ಉಸಿರಾಡುತ್ತಿತ್ತು. ಇಪ್ಪತ್ತೇ ಹೆಜ್ಜೆ ದೂರದಲ್ಲಿ, ಮನೆಯಷ್ಟು ದೊಡ್ಡ ಜೀವ, ಒಂದೆಲೆಯೂ ಅಲುಗದಂತೆ ನಿಂತು ಅವನನ್ನೇ ನೋಡುತ್ತಿತ್ತು. ಚಿಣ್ಣಪ್ಪನಿಗೆ ಮೈ ಜುಮ್ಮೆಂದಿತು. ಅದು ಭಯವಲ್ಲ. ಹುಟ್ಟಿದ ಮೇಲೆ ಮೊದಲ ಸಲ ಆನೆ ಕಂಡವನಂತೆ ಕೈ ತಾನಾಗಿ ಮುಗಿಯಿತು.

ಅಜ್ಜ ಕಣ್ಣು ಮುಚ್ಚಿ, ಬಗ್ಗಿ, ಮೂಗಿನಲ್ಲಿ ಎರಡು ಸಲ ಉಸಿರೆಳೆದ. ಕೈ ಚಾಚಿ ಎಲೆಗಳ ನಡುವಿನಿಂದ ಕೋವಿ ಎತ್ತಿ ಶಿಷ್ಯನ ಕೈಗೆ ಕೊಟ್ಟ.

“ಬಣ್ಣ ಇನ್ನೂ ಗಮ್ ಅಂತದೆ,” ಎಂದು ಪಿಸುಗುಟ್ಟಿದ.

ಸಲಗ ಓಡಲಿಲ್ಲ. ಚಿಣ್ಣಪ್ಪ ಅವಸರ ಮಾಡಲಿಲ್ಲ. ಅವನು ಹಾರಿಸಿದ ಸೂಜಿ ಸಲಗದ ತೊಡೆಗೆ ನಾಟಿತು. ಸ್ವಲ್ಪ ಹೊತ್ತಿಗೆ ಸಲಗ ತೂಗಿ ತೂಗಿ ಪಕ್ಕಕ್ಕೆ ಒರಗಿತು.

ತಂತಿ ಕತ್ತರಿಸಿದ. ಗಾಯ ತೊಳೆದು ಮದ್ದು ತುಂಬಿದ. ಎಚ್ಚರದ ಮದ್ದನ್ನು ಕಿವಿಯ ನರಕ್ಕೆ ಚುಚ್ಚಿ ಇಬ್ಬರೂ ಕಲ್ಲಿನ ಬಳಿ ಬಂದು ಕೂತರು. ಸಲಗ ಎದ್ದಿತು. ಕಾಲನ್ನು ಊರಿ ನೋಡಿತು. ನಾಲ್ಕೇ ಹೆಜ್ಜೆ ಹಾಕಿ ಬಿದಿರಿನೊಳಗೆ ಕಾಣದಾಯಿತು.

ಚಿಣ್ಣಪ್ಪ ಅದು ನಿಂತಿದ್ದ ಮೆಳೆಯತ್ತ ತಿರುಗಿದ.

“ಅಜ್ಜ, ನಾನು ಕೋವಿ ಹುಡುಕ್ತಿದ್ದಾಗ ಅದು ಅಲ್ಲೇ ಇತ್ತಾ?”

“ನಾವು ಬರೋಕ್ ಮುಂಚೆನೇ ಇತ್ತು.”

“ನಮ್ಮನ್ನ ಕಂಡಿತ್ತಾ?”

“ಕಾಣೋದಿರ್ಲಿ, ನಿನ್ ಬಣ್ಣದ ವಾಸ್ನೆ ನೆನ್ನೆನೇ ಬಂದಿರ್ತದೆ.”

“ಮತ್ತೆ ಯಾಕೆ ಓಡ್ಲಿಲ್ಲ?”

“ಮೂರ್ ಸಲನೂ ನೀನು ಮರದ್ ಹಿಂದೆ ಬಗ್ಗಿ ಬಗ್ಗಿ, ಕಳ್ಳನಂಗೆ ಬಂದೆ. ಉರುಳು ಹಾಕ್ದೋನೂ ಹಂಗೇ ಬಂದಿದ್ದ. ಇವತ್ತು ನೀನು ಬರಿಗೈಲಿ ಎದುರ್ಗೆ ಕೂತಿದ್ದೆ.”

ಚಿಣ್ಣಪ್ಪ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಎಲೆಯ ಚಿತ್ತಾರದ ಮೇಲೆ ಬೆರಳಾಡಿಸಿದ.

“ಹಾಗಾದ್ರೆ ಈ ಬಣ್ಣ ಕೆರೆದುಬಿಡ್ಲಾ?”

“ಇರ್ಲಿ ಬುಡು, ಕಷ್ಟಪಟ್ಟು ಬಳ್ದಿದ್ದೀಯ,” ಎಂದ ಅಜ್ಜ. ಸಲಗ ಹೋದ ಕಡೆಗೆ ಒಮ್ಮೆ ಕೈಮುಗಿದು ಎದ್ದ. “ಅಡಗೋದು ಅದ್ರ ಇದ್ಯೆ, ಮಗ. ನೀನು ಕಾಣಿಸ್ಕೊಳ್ಳೋದ್ನ ಕಲ್ತ್ಕೊ.”